ಅಕ್ಕ ತಿದ್ದಿಕೊಟ್ಟ ಪುಟ

ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಹುಟ್ಟುತ್ತದೆ ಅಂತ ಯಾರು ಹೇಳಿದರೋ. ಅಕ್ಕನಿಗೆ ಅದು ಯಾವಾಗಲೂ ಕಿವಿಯಲ್ಲಿ ಶುರುವಾಗುತ್ತಿತ್ತು. ಮೊದಲು ಕಿವಿಯ ತುದಿ ಬಿಸಿಯಾಗಬೇಕು, ಅಲ್ಲಿಂದ ಕೆನ್ನೆಗೆ ಇಳಿಯಬೇಕು, ಗಂಟಲಲ್ಲಿ ಸ್ವಲ್ಪ ಹೊತ್ತು ಠಿಕಾಣಿ ಹೂಡಬೇಕು, ಆಮೇಲೆ ಹೊಟ್ಟೆಯ ಸರದಿ. ಈ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ತಂಗಿ ಟೈಪು ಮಾಡಿದ ಒಂದೇ ಒಂದು ಪುಟವನ್ನು ಮೇಜಿನ ಮೇಲಿಟ್ಟು, ಸ್ವಲ್ಪ ನೋಡಿಕೊಡ್ತೀಯಾ ಅಕ್ಕಾ, ಸಂಜೆಯೊಳಗೆ ಪ್ರಿನ್ಸಿಪಾಲರಿಗೆ ಕೊಡಬೇಕು, ಅಂದಾಗ ಕಿವಿ ಬಿಸಿಯಾಯಿತು. ಅಕ್ಕ ತಲೆಯೆತ್ತದೆ, ಅಲ್ಲಿಡು, ಪುರುಸೊತ್ತಾದರೆ ನೋಡ್ತೀನಿ, ಅಂದಳು. ಪುರುಸೊತ್ತು ಬೇಕಾದಷ್ಟಿತ್ತು. ತಂಗಿ ಅವಳ ಭುಜವನ್ನೊಮ್ಮೆ ಒತ್ತಿ, ಅವಳ ನೀರಿನ ಬಾಟಲಿಯಿಂದಲೇ ಎರಡು ಗುಟುಕು ಕುಡಿದು, ಮುಚ್ಚಳ ಸರಿಯಾಗಿ ಹಾಕದೆ ಕ್ಲಾಸಿಗೆ ಹೊರಟುಹೋದಳು. ಇದೇ ಕಾಲೇಜಿನಲ್ಲಿ ತಂಗಿ ನ್ಯಾಯಶಾಸ್ತ್ರ ಹೇಳುತ್ತಾಳೆ, ಅಕ್ಕ ಕಾನೂನು ಬರವಣಿಗೆ ಹೇಳುತ್ತಾಳೆ. ಅಂದರೆ ನ್ಯಾಯ ಎಂದರೇನು, ಮನುಷ್ಯನಿಗೆ ಕಾನೂನು ಯಾಕೆ ಬೇಕು, ಇಂಥ ಆಕಾಶದ ಮಾತೆಲ್ಲ ತಂಗಿಯ ಪಾಲು. ಕರಾರು, ನೋಟೀಸು, ಅರ್ಜಿ, ಅವುಗಳಲ್ಲಿ ಯಾವ ಮಾತು ಎಲ್ಲಿರಬೇಕು ಅನ್ನುವ ನೆಲದ ಕೆಲಸ ಅಕ್ಕನ ಪಾಲು. ಅಕ್ಕ ಬಾಟಲಿಯ ಮುಚ್ಚಳ ಬಿಗಿಮಾಡಿದಳು.

ಪುಟದಲ್ಲಿ ಏನಿದೆ ಅಂತ ಅವಳಿಗೆ ಓದದೆಯೇ ಗೊತ್ತಿತ್ತು. ಕಾನೂನು ಅಧ್ಯಾಪಕರ ಸಮ್ಮೇಳನಕ್ಕೆ ಪ್ರತಿ ಕಾಲೇಜಿನಿಂದಲೂ ಒಂದು ಗೋಷ್ಠಿಯ ಪ್ರಸ್ತಾವ ಹೋಗಬೇಕು, ಒಂದೇ ಒಂದು. ಈ ಸಲದ ವಿಷಯ ಕಾನೂನು ಬರವಣಿಗೆ, ಮತ್ತು ಕಾನೂನು ಯಾಕೆ ಮುಖ್ಯ ಅನ್ನುವುದು. ತಿಂಗಳ ಹಿಂದೆ ಬೋರ್ಡಿನ ಮೇಲೆ ಅದನ್ನು ಓದಿದಾಗ ಅಕ್ಕ ಹಿಗ್ಗಿದ್ದಳು. ಎಷ್ಟು ವರ್ಷದಿಂದ ಅವಳು ಇದನ್ನೇ ಕೇಳುತ್ತ ಬಂದಿದ್ದಳು, ಒಂದು ಗೋಷ್ಠಿ ಬರವಣಿಗೆಯ ಮೇಲೆ ಆಗಲಿ ಅಂತ. ಹಿಂದೊಮ್ಮೆ ಹಿರಿಯ ಅಧ್ಯಾಪಕರೊಬ್ಬರು ಮೀಟಿಂಗಿನಲ್ಲೇ, ಅದು ಟೈಪಿಸ್ಟರ ಕೆಲಸ ಅಲ್ವಾ ಮೇಡಂ, ಅಂದಿದ್ದರು, ಎಲ್ಲರೂ ನಕ್ಕಿದ್ದರು, ಅಕ್ಕನೂ ನಕ್ಕಿದ್ದಳು. ನಗದೆ ಇರಬೇಕಿತ್ತು ಅಂತ ಇವತ್ತಿಗೂ ಸ್ನಾನ ಮಾಡುವಾಗ ನೆನಪಾಗುತ್ತದೆ. ಈಗ ತನ್ನ ಕಾಲ ಬಂತು ಅಂದುಕೊಂಡಳು. ಆದರೆ ಅದನ್ನು ನನಗೇ ಕೊಡಿ ಅಂತ ತಾನಾಗಿ ಹೋಗಿ ಕೇಳುವವಳಲ್ಲ. ಅವರೇ ಕರೆಯಲಿ ಅಂತ ಕಾದಳು. ಪ್ರಿನ್ಸಿಪಾಲರು ಕರೆದರೆ ಮೊದಲು ಬೇಡ ಅನ್ನುವುದು ಹೇಗೆ, ಅವರು ಇನ್ನೊಂದು ಸಲ ಒತ್ತಾಯ ಮಾಡುವ ಹಾಗೆ ಬೇಡ ಅನ್ನುವುದು ಹೇಗೆ ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿದಳು. ನನಗ್ಯಾಕೆ ಬಿಡಿ ಸರ್, ಚಿಕ್ಕವರು ಮಾಡಲಿ. ಈ ಮಾತನ್ನು ಎಷ್ಟು ಚೆಂದ ಹೇಳುವುದು ಕಲಿತಿದ್ದಳೆಂದರೆ, ಅದನ್ನು ಹೇಳುವ ಅವಕಾಶವೇ ಬಾರದೆ ಹೋದಾಗ ಅದೊಂದು ಬೇರೆಯೇ ನಷ್ಟ ಅನ್ನಿಸಿತು. ಚಿಕ್ಕವರೇ ಮಾಡಲಿ ಅಂತ ಪ್ರಿನ್ಸಿಪಾಲರು ಅವಳನ್ನು ಕೇಳದೆಯೇ ತೀರ್ಮಾನಿಸಿದ್ದರು. ಮೊನ್ನೆ ಕಾರಿಡಾರಿನ ನೀರಿನ ನಲ್ಲಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದಾಗ ಕಂಬದ ಆ ಕಡೆಯಿಂದ ಅವರ ದನಿ ಕೇಳಿಸಿತು. ನೀವು ಮಾತಾಡಿದರೆ ಜನ ಕೇಳ್ತಾರಮ್ಮ, ನೀವೇ ಮಾಡಿ, ಬರೆದದ್ದನ್ನ ನಿಮ್ಮಕ್ಕನ ಹತ್ರ ಒಂದ್ಸಲ ತಿದ್ದಿಸಿಕೊಂಡುಬಿಡಿ. ತಿದ್ದಿಸಿಕೊಂಡುಬಿಡಿ! ಬಟ್ಟೆ ಇಸ್ತ್ರಿ ಮಾಡಿಸಿಕೊಂಡುಬಿಡಿ ಅನ್ನುವ ಹಾಗೆ. ಬಾಟಲಿ ತುಂಬಿ ಚೆಲ್ಲಿ ಅವಳ ಚಪ್ಪಲಿಯೆಲ್ಲ ಒದ್ದೆಯಾಯಿತು, ಮಧ್ಯಾಹ್ನದವರೆಗೂ ಆ ಚಪ್ಪಲಿ ನಡೆದಲ್ಲೆಲ್ಲ ಪಚಪಚ ಅನ್ನುತ್ತಿತ್ತು.

ಕ್ಲಾಸಿಗೆ ಹೋಗುವಾಗ ಪುಟವನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಳು. ಅಕ್ಕನ ಕ್ಲಾಸಿನಲ್ಲಿ ಒಂದು ಕಟ್ಟುನಿಟ್ಟಿನ ರೂಢಿ ಇದೆ. ಯಾವ ಹುಡುಗಿಯಾಗಲಿ ಹುಡುಗನಾಗಲಿ ತಾನು ಬರೆದ ಕರಾರಿನಲ್ಲಿ ಸದರಿ, ಮೇಲ್ಕಾಣಿಸಿದ, ತತ್ಸಂಬಂಧವಾಗಿ ಅಂತೇನಾದರೂ ಬಳಸಿದರೆ ಎದ್ದು ನಿಂತು ಆ ವಾಕ್ಯವನ್ನು ಕೊನೇ ಬೆಂಚಿಗೆ ಓದಿ ಹೇಳಬೇಕು. ಕೊನೇ ಬೆಂಚು ಅರ್ಥವಾಯಿತು ಅನ್ನುವವರೆಗೆ ಕೂರುವ ಹಾಗಿಲ್ಲ. ಕೊನೇ ಬೆಂಚಿನವರು ಅರ್ಥವಾದರೂ ಆಗಲಿಲ್ಲ ಅಂತಾರೆ, ಅದು ಆ ಆಟದ ಮಜಾ. ಮನೆಗೆ ಹೋದಮೇಲೆ ಕಾನೂನು ಓದದ ಒಬ್ಬರಿಗೆ ಅದನ್ನೇ ಓದಿ ಹೇಳಿ, ಅವರಿಗೆ ತಿಳಿದದ್ದೇನು ಅಂತ ಬರೆದುಕೊಂಡು ಬರಬೇಕು. ಇವತ್ತು ಒಬ್ಬ ಹುಡುಗಿ ನಿಂತುಕೊಂಡು ಬಾಡಿಗೆ ಕರಾರಿನ ವಾಕ್ಯವೊಂದರ ಜೊತೆ ಒದ್ದಾಡುತ್ತಿದ್ದಳು. ಅಕ್ಕ ಹಾಜರಿ ಪುಸ್ತಕ ತೆರೆದಳು. ತಂಗಿಯ ಮೊದಲ ಸಾಲು ಕಣ್ಣಿಗೆ ಬಿತ್ತು. ಕಾನೂನು ಯಾಕೆ ಬೇಕು ಅಂತ ಕೇಳುವವರು ಸಾಮಾನ್ಯವಾಗಿ ಅದರ ಅಗತ್ಯ ಇನ್ನೂ ಬೀಳದವರು. ಅಗತ್ಯ ಬಿದ್ದವರು ಕೇಳುವುದೇ ಬೇರೆ, ಇದರಲ್ಲಿ ಏನು ಬರೆದಿದೆ ಅಂತ. ಅಕ್ಕ ಪುಸ್ತಕ ಮುಚ್ಚಿದಳು. ಮತ್ತೆ ತೆರೆದಳು. ಸಾಲು ಅಲ್ಲೇ ಇತ್ತು. ಒಂದು ಮಾತು ತೆಗೆಯುವ ಹಾಗಿಲ್ಲ, ಒಂದು ಮಾತು ಸೇರಿಸುವ ಹಾಗಿಲ್ಲ. ಒಂದು ತಿಂಗಳಿಂದ ಅಕ್ಕ ತನ್ನ ಮನಸ್ಸಿನಲ್ಲೇ ಬರೆಯುತ್ತಿದ್ದ, ಯಾರೂ ಬರೆಯಲು ಹೇಳದಿದ್ದ ಆ ಪ್ರಸ್ತಾವಕ್ಕೆ ಮೊದಲ ಸಾಲೇ ಸಿಕ್ಕಿರಲಿಲ್ಲ, ಇವಳಿಗೆ ಹೇಗೆ ಸಿಕ್ಕಿತು? ಬಸ್ಸಿನಲ್ಲಿ ಕೂತು ಬರೆದಿರುತ್ತಾಳೆ. ಕಿಚ್ಚು ಕಿವಿಯನ್ನು ಆಗಲೇ ದಾಟಿಹೋಗಿತ್ತು, ಈಗ ಗಂಟಲಲ್ಲಿತ್ತು. ನಿಂತಿದ್ದ ಹುಡುಗಿ, ಕೂರಲಾ ಮೇಡಂ, ಅಂತ ಎಷ್ಟನೆಯ ಸಲವೋ ಕೇಳಿದಳು.

ಶಾಲೆಯ ಭಾಷಣ ಸ್ಪರ್ಧೆಯಲ್ಲೂ ಹೀಗೇ ಆಗಿತ್ತು. ಭಾಷಣ ಬರೆದವಳು ಅಕ್ಕ, ಹೇಳಿದವಳು ತಂಗಿ. ಅಕ್ಕ ಸಭಾಂಗಣದ ಗೋಡೆಗೊರಗಿ ನಿಂತು ಪ್ರತಿ ಮಾತನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು, ನಡುವೆ ತಂಗಿ ಬರೆದದ್ದನ್ನು ಮರೆತು ತನಗೆ ತೋಚಿದ್ದೇನೋ ಹೇಳಿದಳು, ಜನ ಚಪ್ಪಾಳೆ ಹೊಡೆದದ್ದು ಅಲ್ಲೇ. ಕಪ್ಪು ಕೊಟ್ಟಾಗ ತಂಗಿ ಮೈಕಿನ ಮುಂದೆ, ಇದು ನಮ್ಮಕ್ಕ ಬರೆದದ್ದು, ಅಂದಳು. ಎಲ್ಲರೂ ಆಹಾ ಅಂದರು. ಎಂಥ ದೊಡ್ಡ ಮನಸ್ಸು ಮಗುವಿನದು ಅಂದರು. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮ ರಾತ್ರಿ ಆ ಕಪ್ಪಿಗೆ ಹಾಲು ಹಾಕಿ ತಂಗಿಗೆ ಕುಡಿಸಿದಳು, ಉಳಿದದ್ದು ಅಕ್ಕನಿಗೆ. ಅದನ್ನು ನೆನೆಸಿಕೊಂಡರೆ ಅಕ್ಕನಿಗೆ ತನ್ನ ಮೇಲೇ ನಾಚಿಕೆಯಾಗುತ್ತದೆ. ಇಷ್ಟು ವಯಸ್ಸಾದ ಹೆಂಗಸು, ತಲೆಯಲ್ಲಿ ಬಿಳಿಕೂದಲು, ಬೇಡ ಬೇಡ ಅಂದರೂ ಒಂದು ಗುಟುಕು ಹಾಲಿನ ಲೆಕ್ಕ ಬಿಡಲಾಗುತ್ತಿಲ್ಲ. ತಂಗಿ ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿತ್ತು. ಜಂಬದವಳಾಗಿದ್ದರೆ, ಹಿಂದಿನಿಂದ ಚುಚ್ಚುವವಳಾಗಿದ್ದರೆ, ಬಾಯಿತುಂಬ ಬೈದು ಹಗುರಾಗಬಹುದಿತ್ತು. ಹಾಳಾದ ಹುಡುಗಿ ಒಳ್ಳೆಯವಳು.

ಮಧ್ಯಾಹ್ನ ಸ್ಟಾಫ್ ರೂಮು ಖಾಲಿಯಾಗಿತ್ತು. ಯಾರದೋ ಟಿಫನ್ ಡಬ್ಬಿಯ ವಾಸನೆ ಇನ್ನೂ ಇತ್ತು, ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಅನ್ನುತ್ತಿತ್ತು. ಅಕ್ಕ ಪುಟವನ್ನು ಮೇಜಿನ ಮೇಲೆ ನೇರವಾಗಿಟ್ಟು ಕೊನೆಯವರೆಗೂ ಓದಿದಳು. ಗೋಷ್ಠಿ ಹೇಗಿರಬೇಕು ಅಂತ ತಂಗಿ ಬರೆದಿದ್ದಳು. ಬಂದವರೆಲ್ಲ ತಾವೇ ಬರೆದ ಒಂದು ಕರಾರನ್ನೋ ನೋಟೀಸನ್ನೋ ತರಬೇಕು. ಅದನ್ನು ಅಲ್ಲೇ, ಕಾನೂನು ಓದದ ಒಬ್ಬರಿಗೆ ಓದಿ ಹೇಳಬೇಕು. ಅವರಿಗೆ ತಿಳಿದಷ್ಟನ್ನು ಮಾತ್ರ ಕಾನೂನು ಅಂತ ಕರೆಯೋಣ, ಮಿಕ್ಕದ್ದು ಬರೀ ಶಾಯಿ. ಅಕ್ಕ ಅದನ್ನು ಇನ್ನೊಮ್ಮೆ ಓದಿದಳು. ಇದು ನನ್ನದು. ನನ್ನ ಕ್ಲಾಸು, ನನ್ನ ಕೊನೇ ಬೆಂಚು. ಕಳ್ಳಿ, ಅಂದಳು ಮನಸ್ಸಿನಲ್ಲಿ, ಅಂದಾಗ ಮೈಯೆಲ್ಲ ಒಂದು ಥರ ಖುಷಿಯಾಯಿತು, ಕಡೆಗೂ ಒಂದು ನ್ಯಾಯವಾದ ಕಾರಣ ಸಿಕ್ಕಿತಲ್ಲ ಅಂತ. ಆದರೆ ಕೆಳಗೆ ಇನ್ನೊಂದು ಸಾಲಿತ್ತು. ಈ ಪ್ರಯೋಗ ನಮ್ಮ ಅಕ್ಕ ತನ್ನ ತರಗತಿಯಲ್ಲಿ ಮಾಡಿಸುವಂಥದ್ದು. ನಾನು ಅವಳಿಂದ ಕಲಿತೆ. ಆ ಕಾರಣವನ್ನೂ ಕಿತ್ತುಕೊಂಡಳು. ಇದು ನಮ್ಮಕ್ಕ ಬರೆದದ್ದು, ಆಹಾ ಎಂಥ ದೊಡ್ಡ ಮನಸ್ಸು. ಆ ಸಾಲನ್ನು ಓದಿದಾಗಲೇ ಕಿಚ್ಚು ಹೊಟ್ಟೆಗೆ ಇಳಿದದ್ದು. ಅಕ್ಕ ಕೆಂಪು ಪೆನ್ನು ತೆಗೆದು ಮೊದಲು ಹೊಡೆದುಹಾಕಿದ್ದು ಅದನ್ನೇ, ಮಗ್ಗುಲಲ್ಲಿ ಅಪ್ರಸ್ತುತ ಅಂತ ಬರೆದಳು.

ಅದೊಂದರಲ್ಲೇ ನಿಂತಿದ್ದರೆ ಆಗುತ್ತಿತ್ತು. ಪೆನ್ನು ಕೈಯಲ್ಲಿತ್ತು, ಕೋಣೆ ಖಾಲಿಯಿತ್ತು. ಪುಟವನ್ನು ಹಾಳು ಮಾಡಬೇಕು ಅನ್ನಿಸಿತು, ಹಾಗೆ ಅನ್ನಿಸಿದ್ದನ್ನು ಅವಳು ತನ್ನಿಂದ ಮುಚ್ಚಿಟ್ಟುಕೊಳ್ಳಲೂ ಇಲ್ಲ. ಒಂದು ತಪ್ಪು ಸೇರಿಸಬಹುದಿತ್ತು. ಆದರೆ ತಪ್ಪು ಬರೆಯಲು ಕೈ ಏಳಲಿಲ್ಲ. ಅಷ್ಟರ ಮಟ್ಟಿಗೆ ಕೈಗೆ ಮಾನ ಇತ್ತು. ಆಗ ಅವಳಿಗೆ ಹೊಳೆಯಿತು, ತಪ್ಪಿಲ್ಲದೆಯೂ ಕೊಲ್ಲಬಹುದು. ತಾನು ಇಷ್ಟು ವರ್ಷ ಯಾವ ಯಾವ ಮಾತುಗಳನ್ನು ಮಕ್ಕಳ ಬಾಯಿಂದ ಬಿಡಿಸಿದ್ದಳೋ ಅವನ್ನೆಲ್ಲ ಒಂದೊಂದಾಗಿ ಕರೆದಳು, ಕರೆದದ್ದೇ ತಡ ಅವೆಲ್ಲ ಬಾಗಿಲಲ್ಲೇ ಕಾಯುತ್ತಿದ್ದವರ ಹಾಗೆ ಒಳಗೆ ನುಗ್ಗಿದವು. ಕಂಪ್ಯೂಟರಿನ ಮುಂದೆ ಕೂತು ಹೊಸ ಪ್ರತಿ ಟೈಪು ಮಾಡತೊಡಗಿದಳು. ಕಾನೂನಿನ ಅವಶ್ಯಕತೆಯ ಕುರಿತಾಗಿ ವಿವಿಧ ವರ್ಗಗಳಿಂದ ಕಾಲಕಾಲಕ್ಕೆ ಎತ್ತಲ್ಪಡುವ ಪ್ರಶ್ನೆಗಳಿಗೆ ಸಂಬಂಧಿಸಿದಂತೆ, ಸದರಿ ಪ್ರಶ್ನೆಗಳ ಸ್ವರೂಪವು ಪ್ರಶ್ನಿಸುವವರ ಸ್ಥಿತಿಗತಿಗಳನ್ನು ಅವಲಂಬಿಸಿರುತ್ತದೆ ಎಂಬುದನ್ನು ಈ ಮೂಲಕ ಮಂಡಿಸಲಾಗಿದೆ. ಓದಿಕೊಂಡು ನಗು ಬಂತು. ಇದನ್ನು ಹಿಡಿದುಕೊಂಡು ತಂಗಿ ಕೊನೇ ಬೆಂಚಿನ ಮುಂದೆ ನಿಂತರೆ ಸಂಜೆಯವರೆಗೂ ಕೂರಲಾರಳು. ಬರೀ ಶಾಯಿ ಅನ್ನುವ ಮಾತಿದ್ದ ಕಡೆ, ಅನ್ವಯವಾಗುವ ಮಟ್ಟಿಗೆ ಸೂಕ್ತ ಪರಾಮರ್ಶೆಗೆ ಒಳಪಡಿಸತಕ್ಕದ್ದು ಅಂತ ಹಾಕಿದಳು. ಬೆರಳುಗಳು ತಾವಾಗಿ ಓಡುತ್ತಿದ್ದವು. ಎಲ್ಲೂ ತಡವರಿಸಲಿಲ್ಲ, ಒಂದು ಮಾತಿಗೂ ಹುಡುಕಾಡಲಿಲ್ಲ. ಇಷ್ಟು ಸರಾಗವಾಗಿ ತಾನು ಬರೆದು ಎಷ್ಟು ಕಾಲವಾಯಿತು ಅಂದುಕೊಂಡಳು.

ಚಿಕ್ಕವಳಿದ್ದಾಗ ತಂಗಿಯ ಮುಂಗೂದಲನ್ನು ಕತ್ತರಿಸಿದ್ದೂ ಹೀಗೇ ಒಂದು ಖಾಲಿ ಮಧ್ಯಾಹ್ನ. ಮಾರನೆಯ ದಿನ ಮನೆಯವರೆಲ್ಲ ಫೋಟೋ ತೆಗೆಸಿಕೊಳ್ಳಲು ಹೋಗುವುದಿತ್ತು. ತಂಗಿಗೆ ಹೊಸ ಫ್ರಾಕು, ಅಕ್ಕನಿಗೆ ಅಂಚು ಬಿಚ್ಚಿ ಉದ್ದ ಮಾಡಿದ ಹಳೆಯದು. ಕೂದಲು ಓರೆಯಾಗಿದೆ, ನೇರ ಮಾಡ್ತೀನಿ ಬಾ, ಅಂತ ಕೂರಿಸಿಕೊಂಡಳು. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ, ಮತ್ತೆ ಈ ಕಡೆ. ತಂಗಿ ಕಣ್ಣು ಮುಚ್ಚಿಕೊಂಡು, ಮೂಗಿನ ಮೇಲೆ ಕೂದಲು ಉದುರಿ ಸೀನು ಬಂದರೂ ಅಲ್ಲಾಡದೆ ಕೂತಿದ್ದಳು. ಅಕ್ಕ ಅಂದರೆ ಅಷ್ಟು ನಂಬಿಕೆ. ಹಣೆಯ ಮೇಲೆ ಬೆರಳಗಲದ ಕೂದಲೂ ಉಳಿಯದಾಗ ಅಕ್ಕನಿಗೇ ಭಯವಾಗಿ ಕತ್ತರಿ ಮಂಚದ ಕೆಳಗೆ ತಳ್ಳಿದಳು. ಅಮ್ಮ ಕಿವಿ ಹಿಂಡಿದಳು. ಫೋಟೋ ಸ್ಟುಡಿಯೋದವನು ಮಾತ್ರ ತಂಗಿಯನ್ನು ನೋಡಿ, ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತೆ, ಪಾಪುನ ಮುಂದೆ ನಿಲ್ಲಿಸಿ, ಅಂದ. ಆ ಫೋಟೋದಲ್ಲಿ ತಂಗಿ ಅಕ್ಕನ ಕೈ ಹಿಡಿದುಕೊಂಡು ನಗುತ್ತಿದ್ದಾಳೆ. ಪ್ರಿಂಟರು ಪುಟವನ್ನು ಹೊರಗೆ ತಳ್ಳಿತು, ಇನ್ನೂ ಬೆಚ್ಚಗಿತ್ತು. ಅಕ್ಕ ತಂಗಿಯ ಪ್ರತಿಯನ್ನು ನಾಲ್ಕಾಗಿ ಮಡಿಸಿ ತನ್ನ ಚೀಲದ ಒಳಜೇಬಿಗೆ ಸೇರಿಸಿದಳು, ಹೊಸದನ್ನು ತಂಗಿಯ ಮೇಜಿನ ಮೇಲಿಟ್ಟು ಹಾರದಿರಲಿ ಅಂತ ಮೇಲೊಂದು ಪುಸ್ತಕ ಇಟ್ಟಳು.

ಆಮೇಲೆ ಬ್ರೆಡ್ಡು ತಿನ್ನಲು ಕೂತಳು. ತಂಗಿ ಬಂದು ಓದಿ ಮುಖ ಸಪ್ಪಗೆ ಮಾಡಿಕೊಂಡರೆ ಏನು ಹೇಳುವುದು ಅಂತ ಯೋಚಿಸಿದಳು. ಸಮ್ಮೇಳನ ಅಂದಮೇಲೆ ಸ್ವಲ್ಪ ಗಾಂಭೀರ್ಯ ಇರಬೇಕಮ್ಮ ಅನ್ನಬಹುದು. ತಂಗಿ ಜಗಳವಾಡಿದರೆ ಇನ್ನೂ ಒಳ್ಳೆಯದು, ಹಾಗಾದರೆ ನಿನ್ನದನ್ನೇ ಕೊಡು ಅಂತ ಹಿಂದಿರುಗಿಸಿಬಿಡಬಹುದು, ಪಾಪ ತೊಳೆದುಹೋಗುತ್ತದೆ. ಅಕ್ಕ ಕೈತೊಳೆದು ಬರುವಷ್ಟರಲ್ಲಿ ತಂಗಿ ಬಂದು, ಪುಟ ಎತ್ತಿಕೊಂಡು, ಓದುತ್ತಲೇ ಪ್ರಿನ್ಸಿಪಾಲರ ಕೋಣೆಯ ಕಡೆ ಹೋಗಿಯಾಗಿತ್ತು. ಪ್ರಿನ್ಸಿಪಾಲರ ಕೋಣೆಯ ಬಾಗಿಲಿಗೆ ಅರ್ಧ ಗಾಜು. ಅಕ್ಕ ನೋಟೀಸ್ ಬೋರ್ಡು ಓದುವವಳ ಹಾಗೆ ಎದುರಿಗೆ ನಿಂತಳು. ಪ್ರಿನ್ಸಿಪಾಲರು ಕನ್ನಡಕ ಹಣೆಗೇರಿಸಿ, ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದರು. ಮುಖ ಗಂಟಿಕ್ಕಲಿ ಅಂತ ಅಕ್ಕ ಹಾರೈಸಿದಳು, ಬೇಡಪ್ಪ ಬೇಡ ಅಂತಲೂ ಅಂದುಕೊಂಡಳು, ಎರಡೂ ಒಟ್ಟಿಗೇ. ಅವರು ತಲೆದೂಗುತ್ತಿದ್ದರು. ತಂಗಿ ಏನೋ ಹೇಳಿದಳು. ಅವರು ಹುಬ್ಬೇರಿಸಿ ಬಾಗಿಲ ಕಡೆ ನೋಡಿದರು, ಅಕ್ಕ ಬೋರ್ಡಿನ ಮೇಲಿದ್ದ ಹಳೆಯ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಮುಖ ಹುದುಗಿಸಿದಳು. ಮತ್ತೆ ನೋಡುವಾಗ ಪ್ರಿನ್ಸಿಪಾಲರು ಸಹಿ ಹಾಕುತ್ತಿದ್ದರು.

ತಂಗಿ ಹೊರಗೆ ಬಂದವಳೇ ಅಕ್ಕನ ತೋಳು ಹಿಡಿದುಕೊಂಡು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದಳು. ಮುಖ ಸಪ್ಪಗಾಗುವುದಿರಲಿ, ಹಿಗ್ಗಿ ಹೀರೇಕಾಯಿಯಾಗಿತ್ತು. ಪ್ರಿನ್ಸಿಪಾಲರಿಗೆ ಎಷ್ಟು ಹಿಡಿಸಿತು ಅಂದರೆ, ಈಗ ನೋಡಿ ಕಾನೂನಿನ ಥರ ಇದೆ ಅಂತ ಎರಡೆರಡು ಸಲ ಅಂದರಂತೆ. ತಾನು ಬರೆದದ್ದು ಹುಡುಗಾಟ ಅಂತ ತಂಗಿಗೂ ಅನ್ನಿಸಿತಂತೆ. ಅಕ್ಕ ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡು ಕೇಳಿಸಿಕೊಂಡಳು. ಕೊಂದದ್ದು ಸಾಯದೆ ಎದ್ದು ಕೂತಿದೆಯಲ್ಲ. ಹಾಗಾದರೆ ಇದರಲ್ಲೂ ಇವಳೇ ಗೆದ್ದಳು. ಮುಂಗೂದಲು ಕತ್ತರಿಸಿದರೂ ಕಣ್ಣು ದೊಡ್ಡದಾಗಿ ಕಾಣುತ್ತದೆ ಇವಳಿಗೆ. ಆ ಕ್ಷಣ ತಂಗಿಯ ಬೆರಳುಗಳು ತನ್ನ ತೋಳಿನ ಮೇಲಿರುವುದೇ ಅವಳಿಗೆ ಸಹಿಸಲಾಗಲಿಲ್ಲ. ಬಿಡಿಸಿಕೊಳ್ಳಬೇಕು ಅಂತಿರುವಾಗ ತಂಗಿ ದನಿ ತಗ್ಗಿಸಿ ಹೇಳಿದಳು.

"ಅಕ್ಕಾ, ನಿನ್ನ ಹೆಸರು ಹಾಕಿಸಿದೀನಿ. ಗೋಷ್ಠಿ ನೀನೇ ನಡೆಸಬೇಕು. ಓದಿದ ಕೂಡಲೇ ಅನ್ನಿಸ್ತು, ಇದು ನಂದಲ್ಲ, ಪೂರ್ತಿ ನಿಂದು ಅಂತ."

ಒಂದು ತಿಂಗಳಿಂದ ಅಕ್ಕ ಬಯಸಿದ್ದು ಇದನ್ನೇ. ಎಷ್ಟೋ ವರ್ಷದಿಂದ ಬಯಸಿದ್ದು. ನನಗ್ಯಾಕೆ ಬಿಡು ಅನ್ನುವ ಮಾತು ಬಾಯಿಗೆ ಬರಲೇ ಇಲ್ಲ. ಆ ಪುಟ, ಸದರಿ ಪುಟ, ತನ್ನ ಹೆಸರು ಹೊತ್ತುಕೊಂಡು ಸಮ್ಮೇಳನದವರ ಮೇಜಿನ ಮೇಲೆ ಕೂರುತ್ತದೆ. ಕಾನೂನು ಜನಕ್ಕೆ ತಿಳಿಯುವ ಹಾಗೆ ಬರೆಯಬೇಕು ಅಂತ ಜೀವ ತೇಯುವ ನಾಲ್ಕು ಜನ ಎಲ್ಲಾದರೂ ಇದ್ದರೆ ಅವರೇ ಅದನ್ನು ಓದುತ್ತಾರೆ. ಓದಿ ನಗುತ್ತಾರೆ. ಈಗ ತಡೆಯಬೇಕೆಂದರೆ ಯಾಕೆ ಅಂತ ಹೇಳಬೇಕು. ಸುಮ್ಮನಿದ್ದರೆ ಗೋಷ್ಠಿ ತನ್ನದು. ಕೆಳಗಿನ ಅಂಗಳದಲ್ಲಿ ಯಾರೋ ಸ್ಕೂಟರು ಒದ್ದು ಒದ್ದು ಸ್ಟಾರ್ಟ್ ಮಾಡಲು ನೋಡುತ್ತಿದ್ದರು. ಅದು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. 

ಅಕ್ಕ ಅಂದಳು. "ನಾನು ಬೇಕಂತಲೇ ಹಾಳು ಮಾಡಿದೆ ಕಣೇ. ಹೊಟ್ಟೆಕಿಚ್ಚಿಗೆ."

ಹೇಳಿ ಮುಗಿದಾಗ ಅವಳಿಗೇ ಆಶ್ಚರ್ಯವಾಯಿತು, ಎಷ್ಟು ಚಿಕ್ಕ ಮಾತು. ಯಾವ ಕೊನೇ ಬೆಂಚಿಗೂ ತಿಳಿಯುವಂಥದ್ದು. ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಿತು, ಮುಚ್ಚಲಿಲ್ಲ. ತಂಗಿ ಬೈಯಲಿ, ಅಳಲಿ, ಕೈ ಕೊಡವಿಕೊಂಡು ಹೋಗಲಿ, ಹೋಗಿ ಪ್ರಿನ್ಸಿಪಾಲರ ಮುಂದೆ ಆ ಪುಟವನ್ನು ಹರಿದುಹಾಕಲಿ. ಎಲ್ಲಕ್ಕೂ ಸಿದ್ಧಳಾಗಿ ನಿಂತಳು. ತಂಗಿಗೆ ಗೊತ್ತಾಗಲಿಲ್ಲ. ಏನನ್ನ ಹಾಳು ಮಾಡಿದೆ, ಅಂದಳು. ಪುಟವನ್ನ, ಅಂದಳು ಅಕ್ಕ, ನಿನ್ನ ಪುಟವನ್ನ. ತಂಗಿ ಕೈಯಲ್ಲಿದ್ದ ಸಹಿಯಾದ ಪ್ರತಿಯನ್ನು ಬೆಳಕಿಗೆ ಹಿಡಿದು, ಬೆರಳನ್ನು ಸಾಲಿನ ಕೆಳಗೆ ಓಡಿಸುತ್ತ, ಮೊದಲಿಂದ ಓದತೊಡಗಿದಳು. ತುಟಿ ಅಲ್ಲಾಡುತ್ತಿತ್ತು. ಅರ್ಧಕ್ಕೆ ಬಂದು ನಿಂತು, ಮತ್ತೆ ಮೇಲೆ ಹೋಗಿ, ಮತ್ತೆ ಕೆಳಗಿಳಿದು, ಪುಟ ತಿರುಗಿಸಿ ಖಾಲಿ ಬೆನ್ನನ್ನೂ ನೋಡಿದಳು. ತಮಾಷೆ ಮಾಡ್ತಿದೀಯಾ ಅನ್ನುವ ಹಾಗೆ ಅಕ್ಕನ ಮುಖ ನೋಡಿ, ತಮಾಷೆಯಲ್ಲ ಅಂತ ತಿಳಿದು ಇನ್ನೂ ಎಚ್ಚರಿಕೆಯಿಂದ ಹುಡುಕಿದಳು. ಸುಳ್ಳಿರಲಿಲ್ಲ ಆ ಹುಡುಕಾಟದಲ್ಲಿ. ಅಕ್ಕನ ನೋವು ಎಲ್ಲಿದೆಯೋ ಅದನ್ನು ಹುಡುಕಿ ಸರಿಮಾಡಬೇಕು ಅನ್ನುವ ಆತುರವಿತ್ತು.

"ಎಲ್ಲಿ ಅಕ್ಕಾ, ತೋರಿಸು," ಅಂದಳು ಕಡೆಗೆ. "ನನಗೇನೂ ಹಾಳಾದ ಹಾಗೆ ಕಾಣಿಸ್ತಿಲ್ಲ. ಕಾಲೇಜಿನ ನೋಟೀಸೆಲ್ಲ ನೀನೇ ಅಲ್ವಾ ಬರೆಯೋದು, ಅದೂ ಹೀಗೇ ಇರುತ್ತೆ. ನನ್ನ ಮದುವೆಯಾದಮೇಲೆ ನೀನು ಬರೆದ ಕಾಗದಾನೂ ಹೀಗೇ ಇತ್ತು. ಮತ್ತೆ ಮತ್ತೆ ಓದಿದ ಮೇಲೆ ಗೊತ್ತಾಯ್ತು, ನಾನಿಲ್ಲದೆ ನಿನಗೆ ಮನೇಲಿ ಹೊತ್ತು ಹೋಗ್ತಿಲ್ಲ ಅಂತ ಬರೆದಿದೀಯ ಅಂತ. ನೀನು ಯಾವಾಗಲೂ ಹೀಗೇ ಅಲ್ವಾ ಬರೆಯೋದು?"